ಎರಡು ಅಗಲ ಸಾಕು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅತ್ತೆ ಉತ್ತರ ಕೊಟ್ಟುಬಿಡುತ್ತಾರೆ: "ಇವಳ್ದ್ ಟವರ್‌ನ ಕಿವಿ ಹಿಂಡುವ ಕೆಲ್ಸ." ಮದುವೆಮನೆಯಲ್ಲಿ, ಮೂರ್ನಾಡಿನ ಅಂಗಡಿ ಮುಂದೆ, ಬಸ್ಸಿನಲ್ಲಿ, ಎಲ್ಲಿ ಕೇಳಿದರೂ ಇದೇ ಉತ್ತರ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ. ಟವರನ್ನು ನಿಲ್ಲಿಸುವವರು ಬೇರೆ, ಅದರ ಮೇಲೆ ಹತ್ತುವವರು ಬೇರೆ. ನಿಂತ ಟವರು ಫೋನುಗಳ ಜೊತೆ ಹೇಗೆ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಲ್ಯಾಪ್‌ಟಾಪಿನ ಮುಂದೆ ಕೂತು ತಿದ್ದುವವಳು ನಾನು. ಮೂರ್ನಾಡಿನಿಂದ ಸಿದ್ದಾಪುರ, ಅತ್ತ ಶ್ರೀಮಂಗಲದವರೆಗೆ ಇರುವ ಕೆಲವು ಟವರುಗಳು ನನ್ನ ಪಾಲಿಗೆ ಬಂದಿವೆ. ಸಂಬಳ ಕೊಡುವುದು ಒಂದು ಗುತ್ತಿಗೆ ಕಂಪನಿ. ಹೀಗೆ ಮಾಡಿ, ಹಾಗೆ ಮಾಡಿ ಎನ್ನುವುದು ನಗರದಲ್ಲಿ ಕೂತಿರುವ ನಮ್ಮ ಮೇಲಧಿಕಾರಿ.

ಆ ಮೇಲಧಿಕಾರಿ ಒಮ್ಮೆ ಫೋನಿನಲ್ಲಿ, "ನಿಮ್ಮ ಕೊಡಗು ಬೇರೆ ದೇಶ ಅಲ್ಲ ಮೇಡಂ," ಎಂದರು. ಇಡೀ ರಾಜ್ಯಕ್ಕೆ ಒಂದೇ ಅಚ್ಚಿನ ಸೆಟ್ಟಿಂಗು ಇರುವಾಗ ನಿಮಗೊಬ್ಬರಿಗೆ ಯಾಕೆ ಬೇರೆ ಎಂಬುದು ಅವರ ತಕರಾರು. ನಾನು ಜಗಳಗಂಟಿಯಲ್ಲ ಎಂದು ಬರೆದರೆ ನಮ್ಮ ಮನೆಯವರೇ ನಗುತ್ತಾರೆ, ಹಾಗಾಗಿ ಬರೆಯುವುದಿಲ್ಲ. ಆದರೆ ಈ ಜಗಳವನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ಅದು ಶುರುವಾದದ್ದು ಒಬ್ಬ ಹೆಂಗಸಿನ ಮುರಿದ ಮಣಿಕಟ್ಟಿನಿಂದ.

ಸಿದ್ದಾಪುರದಾಚೆಯ ಒಂದು ಎಸ್ಟೇಟಿನಲ್ಲಿ, ಕೆಲಸಗಾರರ ಲೈನ್ ಮನೆಗಳ ಹಿಂದೆಯೇ ನನ್ನ ಟವರುಗಳಲ್ಲೊಂದು ಇದೆ. ಮೊದಲ ಸಲ ಅಲ್ಲಿಗೆ ಹೋದಾಗ ಜೀಪಿನ ಚಕ್ರ ಚರಂಡಿಗೆ ಇಳಿದಿತ್ತು. ಲೈನಿನಿಂದ ನಾಲ್ಕಾರು ಹೆಂಗಸರು ಬಂದು ತಳ್ಳಿದರು. ಅವರಲ್ಲಿ ಒಬ್ಬಾಕೆ ಆಮೇಲೆ ನನ್ನನ್ನು ಮನೆಗೆ ಕರೆದು, ಬೆಲ್ಲದ ಕರಿಕಾಫಿ ಕೊಟ್ಟು, "ಗಾಡಿ ಓಡಿಸೋಕೆ ಬರಲ್ಲ, ಟವರ್ ಹೆಂಗೆ ಓಡಿಸ್ತೀಯ?" ಎಂದು ಕೇಳಿದಳು. ಮನೆಮಾತು ತಮಿಳು, ಕೊಡಗಿಗೆ ಬಂದು ಅರ್ಧ ಆಯುಷ್ಯವಾಗಿದೆ. ನನಗಿಂತ ದೊಡ್ಡವಳಾದ್ದರಿಂದ ನಾನು ಅಕ್ಕ ಎನ್ನುತ್ತೇನೆ. ಅವಳು ಅಂದಿನಿಂದ ನನ್ನನ್ನು ಕರೆಯುವುದು ಟವರಮ್ಮ ಎಂದು.

ಆ ಕಡೆಯ ಎಸ್ಟೇಟುಗಳಲ್ಲಿ ಪಿಕ್ಕಿಂಗ್ ಎಂದರೆ ಕಾಫಿ ಹಣ್ಣು ಕುಯ್ಯುವುದಷ್ಟೇ ಅಲ್ಲ, ಒಂದು ಕಣ್ಣು ಆನೆಯ ಮೇಲೂ ಇರಬೇಕು. ಹಿಂಡು ತೋಟಕ್ಕೆ ಇಳಿದದ್ದು ಕಂಡರೆ ಎಸ್ಟೇಟಿನ ವಾಚರ್ ಫೋನಿನ ಗ್ರೂಪಿಗೆ ತನ್ನ ದನಿಯನ್ನೇ ಕಳಿಸುತ್ತಾನೆ, ಒಮ್ಮೆ ಕನ್ನಡದಲ್ಲಿ, ಒಮ್ಮೆ ತಮಿಳಿನಲ್ಲಿ. ಓದಲು ಬಾರದವರು ಬಹಳ ಜನ, ಅದಕ್ಕೇ ದನಿ. ದನಿ ಬರಬೇಕಾದರೆ ಇಂಟರ್ನೆಟ್ ಬೇಕು, ಆದ್ದರಿಂದ ದಿನಗಟ್ಟಲೆ ಚಾರ್ಜು ನಿಲ್ಲುವ ಹಳೆಯ ಬಟನ್ ಫೋನು ಉಪಯೋಗಕ್ಕಿಲ್ಲ. ಅಕ್ಕನ ಮಗಳು ಅಮ್ಮನಿಗೆ ಅಗ್ಗದ್ದೊಂದು ಹೊಸ ಫೋನು ಕೊಡಿಸಿದ್ದಳು. ಅಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಹೋದ ವರ್ಷದ ಪಿಕ್ಕಿಂಗಿನಲ್ಲಿ ಅವರ ಗುಂಪಿಗೆ ತೊರೆಯ ಪಕ್ಕದ ಕೆಳಗಿನ ಬ್ಲಾಕ್ ಬಂದಿತ್ತು. ಒಂದು ಮಧ್ಯಾಹ್ನ ವಾಚರ್‌ನ ದನಿ ಬಂತು. ಮೇಲಿನ ಸಾಲುಗಳಲ್ಲಿದ್ದವರು ಚೀಲ ಬಿಟ್ಟು ರಸ್ತೆಗೆ ಹತ್ತಿದರು. ಅಕ್ಕ ಎಲ್ಲರಿಗಿಂತ ಕೆಳಗಿನ ಸಾಲಿನಲ್ಲಿದ್ದಳು, ತಲೆಗೂ ಕಿವಿಗೂ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು. ಮೇಲಿನವರು ಕೂಗಿದ್ದು ಅವಳಿಗೆ ಮುಟ್ಟಲಿಲ್ಲ. ಅವಳ ಫೋನು ಆಗಲೇ ಸತ್ತಿತ್ತು. ತೊರೆಯ ಕಡೆ ಕೊಂಬೆ ಮುರಿದ ಸದ್ದಿಗೆ ತಿರುಗಿದರೆ ಆನೆ ಎದುರಿಗೇ. ಮಳೆನೀರು ಇಂಗಲೆಂದು ಗಿಡಗಳ ಸಾಲಿನ ನಡುವೆ ತೋಡಿರುತ್ತಾರಲ್ಲ, ಆ ತೊಟ್ಟಿಲು ಗುಂಡಿಯೊಂದಕ್ಕೆ ಬಿದ್ದು ಮುಖ ಮಣ್ಣಿಗೆ ಒತ್ತಿ ಮಲಗಿದಳು. ಆನೆ ಅವಳ ಚೀಲದ ಹಣ್ಣು ಚೆಲ್ಲಾಡಿ, ಮೂಸಿ, ತನ್ನ ಪಾಡಿಗೆ ಹೋಯಿತು. ಬೀಳುವಾಗ ಊರಿದ ಕೈ ಮುರಿದಿತ್ತು.

ನಾನು ನೋಡಲು ಹೋದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅಲ್ಲೇ ಇದ್ದರು. "ಫೋನ್ ಚಾರ್ಜ್ ಮಾಡ್ಕೊಂಡು ಬರೋದು ಅವರವರ ಜವಾಬ್ದಾರಿ," ಎಂದರು. ಅವರು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿ, "ಬೆಳಿಗ್ಗೆ ಫುಲ್ ಇತ್ತು ಟವರಮ್ಮ. ನಾನು ಒಂದು ಹಾಡು ಕೂಡ ಕೇಳಲಿಲ್ಲ. ಹಂಗೇ ಕಟ್ಕೊಂಡಿದ್ದೆ, ಹಂಗೇ ಖಾಲಿ ಆಯ್ತು," ಎಂದಳು. ನನಗೆ ಮೈ ಉರಿಯಿತು. ಅವಳು ಸುಳ್ಳು ಹೇಳುವವಳಲ್ಲ. ಆ ಬ್ಲಾಕಿನ ಮೇಲೆ ಬೀಳುವುದು ನನ್ನ ಟವರಿನ ದನಿ, ಎಂದರೆ ಸಿಗ್ನಲ್.

ಕೈ ಕೂಡಿದ ಮೇಲೆ ಮತ್ತೆ ಅದೇ ಬ್ಲಾಕಿಗೇ ಹೋಗಬೇಕು ಎಂದಳು. ಬೇಡ ಅಕ್ಕ ಎಂದೆ.

"ಹೋಗ್ದೆ ಇದ್ರೆ ಆನೆ ಬಂದು ಅಡಿಗೆ ಮಾಡಿ ಹಾಕ್ತದಾ?" ಎಂದಳು.

ಅಲ್ಲಿಯೇ ಅವಳಿಗೆ ಮಾತು ಕೊಟ್ಟೆ: ನೀನು ತಿರುಗಿ ಆ ಬ್ಲಾಕಿಗೆ ಇಳಿಯುವಷ್ಟರಲ್ಲಿ ನಿನ್ನ ಫೋನು ಸಂಜೆಯವರೆಗೆ ಎಚ್ಚರವಿರುವ ಹಾಗೆ ಮಾಡುತ್ತೇನೆ. ಅವಳು ನಂಬಿದಳೋ ಇಲ್ಲವೋ, ಫೋನನ್ನಂತೂ ನನ್ನ ಕೈಗೆ ಕೊಟ್ಟಳು.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು ಬೇಕು. ಹೊಸ ತಲೆಮಾರಿನ ಮೊಬೈಲಿನ ರೇಡಿಯೊ ದಾರಿ ಹಳೆಯದಕ್ಕಿಂತ ತುಂಬಾ ಅಗಲ. ಆ ಅಗಲವನ್ನೇ ನಾವು ಬ್ಯಾಂಡ್‌ವಿಡ್ತ್ ಎನ್ನುತ್ತೇವೆ. ಅಗಲವಿದ್ದಷ್ಟೂ ವಿಡಿಯೊ ಬೇಗ ಇಳಿಯುತ್ತದೆ, ಆದರೆ ಅಷ್ಟೂ ಅಗಲಕ್ಕೆ ಕಿವಿಗೊಟ್ಟು ಕೂತರೆ ಬ್ಯಾಟರಿ ಬಾಳುವುದಿಲ್ಲ. ಮಧ್ಯಾಹ್ನ ನಮ್ಮ ಅತ್ತೆ ಜಗಲಿಯಲ್ಲಿ ತೂಕಡಿಸುವಾಗ ಗೇಟಿನ ಸದ್ದಿಗೆ ಮಾತ್ರ ಒಂದು ಕಿವಿ ಬಿಟ್ಟಿರುತ್ತಾರೆ. ಗೇಟು ಕಿರುಗುಟ್ಟಿದರೆ ಪೂರ್ತಿ ಎದ್ದು ಕೂರುತ್ತಾರೆ, ಬಂದವರು ಹೋದ ಮೇಲೆ ಮತ್ತೆ ತೂಕಡಿಕೆ. ಫೋನೂ ಹಾಗೇ ಇರಬೇಕು. ಕಾಯುವಾಗ ಕಿರಿದಾದ ಒಂದು ಪಟ್ಟಿಗೆ ಮಾತ್ರ ಕಿವಿ, ಏನಾದರೂ ಬಂದಾಗ ಅಗಲಕ್ಕೆ ತೆರೆದುಕೊಳ್ಳಬೇಕು. ಈಗ ಕಿರಿದಾಗು, ಈಗ ಅಗಲವಾಗು ಎಂದು ಹೇಳುವುದು ಟವರು.

ಇಷ್ಟು ಸರಳ ವಿಷಯವನ್ನು ನಗರದಿಂದ ಬಂದ ಅಚ್ಚಿನ ಸೆಟ್ಟಿಂಗು ಗೋಜಲು ಮಾಡಿಟ್ಟಿತ್ತು. ಅದರಲ್ಲಿ ನಾಲ್ಕು ಅಗಲಗಳು. ಎಷ್ಟು ಮಾತಿಗೆ ಯಾವ ಅಗಲ, ಯಾವುದರಿಂದ ಯಾವುದಕ್ಕೆ ಯಾವಾಗ ಹಾರಬೇಕು, ಎಲ್ಲಕ್ಕೂ ಬೇರೆ ಬೇರೆ ಆಜ್ಞೆ. ಪೇಟೆಯ ನಡುವೆ, ಟವರಿನ ಕಾಲಬುಡದಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ಸುಳ್ಳು ಹೇಳಬಾರದು. ನಾನು ಅಕ್ಕನ ಫೋನು ಹಿಡಿದು ಹಾಡುಹಗಲೇ ಕೆಳಗಿನ ಬ್ಲಾಕಿಗೆ ಇಳಿದು, ವಾಚರ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು ಕೂತೆ. ದಿಣ್ಣೆಯ ಮರೆಯಲ್ಲಿ ಟವರಿನ ದನಿ ಅಲ್ಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ಟವರು, ಎರಡನೆಯ ಅಗಲಕ್ಕೆ ಬಾ ಎನ್ನುತ್ತದೆ, ಫೋನಿಗೆ ಆ ಆಜ್ಞೆ ತಲುಪುವುದಿಲ್ಲ. ಟವರು ಒಂದು ಕಡೆ ಮಾತಾಡುತ್ತದೆ, ಫೋನು ಇನ್ನೊಂದು ಕಡೆ ಕಿವಿಯಿಟ್ಟಿರುತ್ತದೆ. ಏನೂ ಕೇಳಿಸದೆ ಗಾಬರಿಯಾದ ಫೋನು ಎಲ್ಲ ಅಗಲವನ್ನೂ ತೆರೆದುಕೊಂಡು ಹುಡುಕುತ್ತದೆ. ಸಿಕ್ಕಿತು ಎನ್ನುವಷ್ಟರಲ್ಲಿ ಮತ್ತೊಂದು ಆಜ್ಞೆ, ಮತ್ತೆ ಹುಡುಕಾಟ. ಅಕ್ಕನ ಸೊಂಟದಲ್ಲಿ ಆ ಫೋನು ಬೆಳಗಿನಿಂದ ಹೀಗೆ ಹುಡುಕಿ ಹುಡುಕಿಯೇ ಪ್ರಾಣ ಬಿಟ್ಟಿತ್ತು.

ಅದನ್ನು ನೋಡುತ್ತ ಕೂತಾಗ ನಗು ಬಂತು. ವಾಚರ್ ನನ್ನ ಮುಖ ನೋಡಿದ. ನನಗೆ ನೆನಪಾದದ್ದು ನಾನು ಹುಟ್ಟಿದ ದಿನದ ಕಥೆ.

ನಮ್ಮಲ್ಲಿ ಗಂಡು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು, ಎರಡು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಹೆಣ್ಣು ಹುಟ್ಟಿದರೆ ಗುಂಡಿಲ್ಲ. ನಾನು ಹುಟ್ಟಿದಾಗ ನಮ್ಮಪ್ಪ ಕೋವಿ ತೆಗೆದುಕೊಂಡು ಅಂಗಳಕ್ಕಿಳಿದರಂತೆ. ದೊಡ್ಡಪ್ಪ ಅಡ್ಡ ನಿಂತು, ಗೂಡೆಗೆ ಗುಂಡು ಹಾರಿಸುವ ಕ್ರಮ ಇಲ್ಲ ಎಂದರಂತೆ. ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ. ಅಪ್ಪ ಹೇಳಿದ್ದು ಇಷ್ಟೇ: "ಅದ್ಕೂ ಉಸ್ರು ಉಟ್ಟಲ್ಲ." ಉಸಿರು ಅದಕ್ಕೂ ಇದೆಯಲ್ಲ ಎಂದು ಹೇಳಿ ಕೋವಿಯ ಕುದುರೆ ಎಳೆದೇಬಿಟ್ಟರು.

ಹಾರಿಸಿದ್ದು ಒಂದೇ. ಆದರೆ ಎದುರಿನ ಬೆಟ್ಟ ಅದನ್ನು ಹಿಂದಕ್ಕೆ ಕಳಿಸಿತು. ಹೊಳೆಯಾಚೆಯವರಿಗೆ ಕೇಳಿಸಿದ್ದು ಎರಡು. ಆ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಅವರಿಗೆ ಗೊತ್ತಿತ್ತು, ಹೆಣ್ಣಿಗೆ ಗುಂಡಿಲ್ಲ ಎಂಬುದೂ ಗೊತ್ತಿತ್ತು. ನಮ್ಮಜ್ಜಿ ಆಗ ಜ್ವರದಲ್ಲಿ ಮಲಗಿದ್ದರು. ಹೊಳೆಯಾಚೆಯವರು ಅಜ್ಜಿಯೇ ತೀರಿಕೊಂಡರೆಂದು ಲೆಕ್ಕ ಹಾಕಿ, ಬಿಳಿ ಉಟ್ಟು, ಮುಖ ಸಪ್ಪೆ ಮಾಡಿಕೊಂಡು ಸಾಲಾಗಿ ನಮ್ಮ ಅಂಗಳಕ್ಕೆ ಬಂದರು. ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದವರು ಅಜ್ಜಿಯೇ. "ನಾ ಇನ್ನೂ ಸತ್ತಿಲ್ಲೆ. ಹುಟ್ಟಿದ್ ಗೂಡೆ. ಕಾಫಿ ಕುಡ್ದ್ ಹೋಗಿ," ಎಂದರಂತೆ.

ಆಮೇಲೆ ಊರಿನಲ್ಲಿ ಒಂದು ರೂಢಿ ಬಂತು. ಗುಂಡು ಎಷ್ಟು ಕೇಳಿಸಿತೆಂದು ಅನುಮಾನವಾದರೆ ಯಾವ ಮನೆಗೂ ಹೋಗುವುದಲ್ಲ, ಮೊದಲು ಕವಲುದಾರಿಯ ಅಂಗಡಿಗೆ ಬರುವುದು. ಯಾರೂ ಕರೆಯಬೇಕಿಲ್ಲ. ಹಾರಿಸಿದ ಮನೆಯವರೂ ಒಬ್ಬರನ್ನು ಅಲ್ಲಿಗೇ ಕಳಿಸುತ್ತಾರೆ. ಇವತ್ತಿಗೂ ನಮ್ಮ ಊರಿನಲ್ಲಿ ಹಾಗೆಯೇ ನಡೆಯುತ್ತದೆ. ಗುಂಡಿನ ಲೆಕ್ಕ ಒಂದು, ಎರಡು, ಅಷ್ಟಕ್ಕೇ ನಿಂತಿತು. ಒಂದು ಮತ್ತು ಎರಡರಲ್ಲೇ ಇಷ್ಟು ಎಡವಟ್ಟಾದರೆ ಮೂರು ನಾಲ್ಕು ಯಾರಿಗೆ ಬೇಕು.

ಕೆಳಗಿನ ಬ್ಲಾಕಿನಿಂದ ಮೇಲೆ ಬಂದವಳೇ ಆ ಟವರಿನಲ್ಲಿದ್ದ ನಾಲ್ಕು ಅಗಲಗಳನ್ನು ಕಿತ್ತು ಎರಡು ಮಾಡಿದೆ. ಕಾಯಲು ಕಿರಿದೊಂದು, ಕೆಲಸಕ್ಕೆ ಅಗಲವೊಂದು. ಸ್ವಲ್ಪ ಹೊತ್ತು ಏನೂ ಬಾರದಿದ್ದರೆ ಫೋನು ತಾನಾಗಿಯೇ ಕಿರಿದಕ್ಕೆ ಮರಳಬೇಕು, ಟವರೂ ಅಲ್ಲಿಗೇ ಬರಬೇಕು. ಅದಕ್ಕೆ ಆಜ್ಞೆಯೇ ಬೇಡ, ಮೌನವೇ ಆಜ್ಞೆ. ದಾರಿ ತಪ್ಪಿತು ಎಂದು ಅನಿಸಿದರೂ ಅದೇ ಜಾಗ, ನಮ್ಮೂರಿನ ಕವಲುದಾರಿಯ ಅಂಗಡಿಯ ಹಾಗೆ. ತಲುಪದೆ ಕಳೆದುಹೋಗಲು ಆಜ್ಞೆಯೇ ಇಲ್ಲದ ಮೇಲೆ ಹುಡುಕಾಟವೂ ಇಲ್ಲ. ಅಕ್ಕನ ಫೋನನ್ನು ಅದೇ ಬ್ಲಾಕಿನ ಕೊಂಬೆಗೆ ಬೆಳಗಿನಿಂದ ಸಂಜೆಯವರೆಗೆ ನೇತುಹಾಕಿದೆ. ಸಂಜೆ ತೆಗೆದಾಗ ಅರ್ಧಕ್ಕಿಂತ ಹೆಚ್ಚು ಚಾರ್ಜು ಉಳಿದಿತ್ತು. ವಾಚರ್‌ನಿಗೆ ಒಂದು ಮಾತು ಕಳಿಸಲು ಹೇಳಿದೆ. ಫೋನು ತಟ್ಟನೆ ಅಗಲಕ್ಕೆ ತೆರೆದು, ಮಾತು ಇಳಿಸಿಕೊಂಡು, ಮತ್ತೆ ಕಿರಿದಕ್ಕೆ ಹೋಗಿ ಕೂತಿತು.

ಕೈ ಕೂಡಿ ಅಕ್ಕ ಕೆಲಸಕ್ಕೆ ಇಳಿದ ದಿನ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಮಧ್ಯಾಹ್ನದ ಊಟ ಮುಗಿಸಿ ಮತ್ತೆ ಸಾಲಿಗೆ ಇಳಿಯುವ ಮುಂಚೆ ಅವಳು ನನಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುವುದು. ಫೋನು ಜೀವಂತ, ಅವಳೂ ಜೀವಂತ ಎಂದರ್ಥ. ನಾನು ಎತ್ತಬಾರದು.

ಮೇಲಧಿಕಾರಿಗೆ ಇದು ಗೊತ್ತಾದದ್ದು ಎಸ್ಟೇಟಿನ ಪಕ್ಕದ ಗುಡ್ಡದ ಮೇಲಿರುವ ರೆಸಾರ್ಟಿನ ದೂರಿನಿಂದ. ಅಲ್ಲಿನ ಅತಿಥಿಗಳಿಗೆ ವಿಡಿಯೊ ಶುರುವಾಗುವ ಮುಂಚೆ ಕಣ್ಣು ಮಿಟುಕಿಸುವಷ್ಟು ಹೊತ್ತು ತಡವಾಗುತ್ತದಂತೆ. ಮೇಲಧಿಕಾರಿಯ ಪರದೆಯ ಮೇಲೆ ನನ್ನ ಟವರು ಕೆಂಪಾಗಿ ಕಾಣುತ್ತಿತ್ತು. ಕೊಡಗು ಬೇರೆ ದೇಶ ಅಲ್ಲ ಎಂಬ ಮಾತು ಬಂದದ್ದು ಆಗಲೇ.

"ಅಚ್ಚಿನಲ್ಲಿ ನಾಲ್ಕಿದೆ, ನಿಮ್ಮಲ್ಲಿ ಎರಡೇ ಇದೆ. ನಾಳೆಯೊಳಗೆ ಸರಿ ಮಾಡಿ," ಎಂದರು.

"ಸರಿ ಮಾಡಿದ್ದೇನೆ ಸಾರ್. ಅದಕ್ಕೇ ಎರಡಿದೆ."

"ನಾಲ್ಕು ಇದ್ದರೆ ಒಳ್ಳೆಯದು ಅಂತ ಮೇಲಿನವರು ಯೋಚಿಸಿಯೇ ಮಾಡಿರ್ತಾರಲ್ಲ?"

"ಯೋಚಿಸಿರಬಹುದು. ಕೆಳಗಿನ ಬ್ಲಾಕಿನಲ್ಲಿ ಕೂತು ಯೋಚಿಸಲಿಲ್ಲ."

ಅವರು ಕೆಟ್ಟವರಲ್ಲ. ಅವರ ಮೇಲೂ ಒಬ್ಬರು ಇದ್ದಾರೆ, ಅವರಿಗೂ ಒಂದು ಕೆಂಪು ಪರದೆ ಇದೆ. ಆನೆಯ ವಿಷಯ ಹೇಳಿದೆ, ಮಣಿಕಟ್ಟಿನ ವಿಷಯ ಹೇಳಿದೆ. ಅಯ್ಯೋ ಪಾಪ ಎಂದರು, ಪವರ್ ಬ್ಯಾಂಕ್ ಕೊಡಿಸಿ ಎಂದರು. ಕುತ್ತಿಗೆಗೊಂದು ಚೀಲ, ಸೊಂಟಕ್ಕೊಂದು ಫೋನು, ಇನ್ನು ಪವರ್ ಬ್ಯಾಂಕನ್ನು ಅವಳು ತಲೆಯ ಮೇಲೆ ಇಟ್ಟುಕೊಳ್ಳಬೇಕೇ ಎಂದು ಕೇಳಿದೆ. ಅವರು ಫೋನಿಟ್ಟರು. ನಾನು ಏನನ್ನೂ ಬದಲಾಯಿಸಲಿಲ್ಲ.

ಆಮೇಲಿನ ವಾರ ನಾನು ಶ್ರೀಮಂಗಲದ ಟವರಿನಲ್ಲಿದ್ದೆ. ಊಟದ ಹೊತ್ತು ಕಳೆಯಿತು, ರಿಂಗು ಬರಲಿಲ್ಲ. ಮರೆತಿರಬಹುದು ಎಂದುಕೊಂಡೆ. ಮರೆಯುವವಳಲ್ಲ ಎಂದೂ ಗೊತ್ತಿತ್ತು. ನಾನೇ ಮಾಡಿದೆ, ಸ್ವಿಚ್ ಆಫ್. ವಾಚರ್‌ನಿಗೆ ಮಾಡಿದರೆ, "ಹಿಂಡು ಬೆಳಿಗ್ಗೆಯಿಂದ ತೊರೆಯಾಚೆ ನಿಂತದೆ ಮೇಡಂ, ಈಚೆ ಇನ್ನೂ ದಾಟಿಲ್ಲ," ಎಂದ. ಜೀಪು ಹತ್ತಿದೆ. ಸಿದ್ದಾಪುರದವರೆಗೆ ನಾನು ಹೇಗೆ ಓಡಿಸಿದೆನೋ ನೆನಪಿಲ್ಲ. ನನ್ನ ಡ್ರೈವಿಂಗನ್ನು ಆಡಿಕೊಂಡವಳು ಅವತ್ತು ಪಕ್ಕದಲ್ಲಿದ್ದರೆ ಮತ್ತೆ ಆ ಮಾತು ಆಡುತ್ತಿರಲಿಲ್ಲ. ನನಗೆ ಭಯವಾಗಿತ್ತು, ಭಯಕ್ಕಿಂತ ಸಿಟ್ಟು ಹೆಚ್ಚಾಗಿತ್ತು.

ಅಕ್ಕ ಕೆಳಗಿನ ಸಾಲಿನಲ್ಲಿ ಟಾರ್ಪಾಲು ಹಾಸಿಕೊಂಡು ಹಣ್ಣು ಕುಯ್ಯುತ್ತಿದ್ದಳು. "ಏನಾಯ್ತು ಟವರಮ್ಮ, ಮುಖ ಯಾಕೆ ಹಂಗೆ?" ಎಂದಳು. ಸೊಂಟದಿಂದ ಫೋನು ಬಿಚ್ಚಿ ಕೊಟ್ಟಳು. ಸತ್ತಿತ್ತು, ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಪಕ್ಕದ ಸಾಲಿನ ಹೆಂಗಸರ ಫೋನುಗಳೂ ಅದೇ ಗತಿ. ಎಲ್ಲರನ್ನೂ ರಸ್ತೆಗೆ ಹತ್ತಿಸಿ, ಜೀಪಿನ ಬಾನೆಟ್ ಮೇಲೆ ಲ್ಯಾಪ್‌ಟಾಪು ತೆರೆದೆ. ಬೆಳಿಗ್ಗೆ ನಗರದಿಂದ ಯಾರೋ ನಾಲ್ಕು ಅಗಲಗಳನ್ನು ವಾಪಸು ಹಾಕಿದ್ದರು. ಅಲ್ಲಿಯೇ ನಿಂತು ಎರಡು ಮಾಡಿದೆ. ಆಮೇಲೆ ಮೇಲಧಿಕಾರಿಗೆ ಫೋನು ಹಚ್ಚಿ, ಮಾಡಿದ್ದೇನೆ ಎಂದು ಹೇಳಿದೆ.

"ಇದರಿಂದ ನಿಮ್ಮ ಕೆಲಸ ಹೋಗಬಹುದು ಅಂತ ಗೊತ್ತಲ್ಲ ಮೇಡಂ?"

"ಹೋಗಲಿ ಸಾರ್. ಹೋಗುವ ತನಕ ಈ ಟವರು ನನ್ನದು. ನೀವು ನಾಲ್ಕು ಹಾಕಿ, ನಾನು ಎರಡು ಮಾಡ್ತೇನೆ. ನೀವು ಮತ್ತೆ ಹಾಕಿ, ನಾನು ಮತ್ತೆ ಮಾಡ್ತೇನೆ. ಯಾರ ಕೈ ಮೊದಲು ಸೋಲ್ತದೆ ನೋಡುವ."

ಹೆಂಗಸರು ರಸ್ತೆಯ ದಿಬ್ಬದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಅಕ್ಕ ಪಕ್ಕದವಳಿಗೆ ತಮಿಳಿನಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು. ಏನೆಂದು ಕೇಳಿದೆ. "ನಿನ್ ಗಂಡ ಪಾಪ ಅಂದೆ," ಎಂದಳು.

ಅದಾದ ಕೆಲವು ದಿನಗಳಿಗೆ ಮಧ್ಯಾಹ್ನದ ಮೇಲೆ ಅಕ್ಕನಿಂದ ಒಂದು ವಾಯ್ಸ್ ಮೆಸೇಜು ಬಂತು. ಅದರಲ್ಲಿ ಮಾತೇ ಇರಲಿಲ್ಲ. ಗುಡ್ಡ ಹತ್ತಿ ಬಂದವಳ ಏದುಸಿರು, ಅದರ ಹಿಂದೆ ದೂರದಲ್ಲಿ ಕೊಂಬೆಗಳು ಮುರಿಯುವ ಸದ್ದು, ಮತ್ತೆ ಏದುಸಿರು. ವಾಚರ್ ಆಮೇಲೆ ಹೇಳಿದ. ಅವನ ದನಿ ಗ್ರೂಪಿಗೆ ಹೋದ ಕೂಡಲೇ ಕೆಳಗಿನ ಬ್ಲಾಕಿನಲ್ಲಿ ಸೊಂಟ ಸೊಂಟದಲ್ಲೂ ಫೋನು ಬಡಿದಿತ್ತು. ಎಲ್ಲರೂ ಹತ್ತಿ ರಸ್ತೆ ಮುಟ್ಟಿದ ಮೇಲೆ ಹಿಂಡು ತೊರೆ ದಾಟಿತು, ಅಕ್ಕ ಕುಯ್ಯುತ್ತಿದ್ದ ಸಾಲಿನಲ್ಲೇ ನಡೆದುಹೋಯಿತು.

ಆ ಮೆಸೇಜನ್ನು ಹಾಗೆಯೇ ಮೇಲಧಿಕಾರಿಗೆ ಕಳಿಸಿದೆ. ಕೂಡಲೇ ಅವರ ಫೋನು ಬಂತು. "ಏನಿದು ಸದ್ದು? ಲೈನಿನಲ್ಲಿ ತೊಂದರೆಯಾ?"

"ಲೈನು ಚೆನ್ನಾಗಿದೆ ಸಾರ್. ಹಿಂದೆ ಮುರೀತಿರೋದು ಕಾಫಿ ಗಿಡ. ಮುಂದೆ ಉಸಿರಾಡ್ತಿರೋದು ಒಬ್ಬ ಹೆಂಗಸು. ಹೋದ ಸಲ ಅವಳು ಆ ಗಿಡದ ಬುಡದಲ್ಲಿದ್ದಳು. ಈ ಸಲ ರಸ್ತೆಯ ಮೇಲಿದ್ದಾಳೆ."

ಅವರು ಫೋನಿಟ್ಟರು. ನಾಲ್ಕು ಅಗಲ ಮತ್ತೆ ಬರಲಿಲ್ಲ. ಒಪ್ಪಿದರೆಂದು ನಾನು ಹೇಳುವುದಿಲ್ಲ, ಅವರು ಒಪ್ಪಿದ್ದೇನೆಂದು ಇವತ್ತಿಗೂ ಹೇಳಿಲ್ಲ. ಅವರ ಪರದೆಯಲ್ಲಿ ನನ್ನ ಟವರು ಈಗಲೂ ಕೆಂಪಾಗಿಯೇ ಇರಬೇಕು. ವರ್ಷದ ಕೊನೆಗೆ ಕಂಪನಿಯವರು ನನ್ನನ್ನು ಕರೆದು, ಮೇಲಿನವರ ಜೊತೆ ಸಹಕಾರ ಸಾಲದು ಎಂದರು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತ ತಲೆಯೆತ್ತದೆ, "ನಿನ್ನ ಅಪ್ಪಂಗೂ ಊರವು ಹಿಂಗೇ ಹೇಳ್ದೊ," ಎಂದರು. ಅಷ್ಟು ಹೇಳಿ ಮೊರವನ್ನು ನನ್ನ ಕಡೆ ತಳ್ಳಿದರು, ಕಲ್ಲು ನೋಡು ಎಂದರು.

ಈಗ ಮತ್ತೆ ಪಿಕ್ಕಿಂಗ್ ಶುರುವಾಗಿದೆ. ಅಕ್ಕನ ಗುಂಪಿಗೆ ಈ ಸಲವೂ ಕೆಳಗಿನ ಬ್ಲಾಕೇ ಸಿಕ್ಕಿದೆ. ಮೊನ್ನೆ ಅವಳ ಮನೆಯಲ್ಲಿ ಕಾಫಿ ಕುಡಿಯುವಾಗ ಗುಂಡಿನ ಲೆಕ್ಕವನ್ನು ಅವಳಿಗೂ ಹೇಳಿದೆ, ಹುಟ್ಟಿಗೆ ಒಂದು, ಸಾವಿಗೆ ಎರಡು ಎಂದು. ಎಲ್ಲ ಕೇಳಿ, "ಹಂಗಾದ್ರೆ ನಂದು ಒಂದೇ ರಿಂಗು. ಎರಡು ಬಂದ್ರೆ ಬಿಳಿ ಸೀರೆ ಉಟ್ಕೊಂಡು ಬಾ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಇದನ್ನು ಬರೆಯುತ್ತಿರುವಾಗ ಊಟದ ಹೊತ್ತು ಮೀರುತ್ತಿತ್ತು. ಮೇಜಿನ ಮೇಲಿದ್ದ ಫೋನು ಒಂದು ಸಲ ಬಡಿದು ಸುಮ್ಮನಾಯಿತು. ಇನ್ನೊಂದು ಬರುತ್ತದೋ ಎಂದು ಕಾದೆ. ಬರಲಿಲ್ಲ.